ವಳ್ಳೂರಿನ ಮಗು ಯಾವ ಕೋಷ್ಟಕದಲ್ಲಿದೆ?

ಕೊರೊನಾ ಕಾಲದ ಆನ್‌ಲೈನ್ ಪಾಠದ ಬಗ್ಗೆ ಬಂದ ವರದಿಗಳನ್ನೆಲ್ಲ ಮುಂದೆ ಹರವಿಕೊಂಡು ಕೂತಾಗ ನನಗೆ ಬೇಕಿದ್ದದ್ದು ಒಂದೇ ಉತ್ತರ. 2020ರಲ್ಲಿ ಶಾಲೆಯ ಬಾಗಿಲು ಮುಚ್ಚಿದ ಮೇಲೆ, ಪಾವಗಡ ತಾಲ್ಲೂಕಿನ ವಳ್ಳೂರಿನಂಥ ಊರಿನ ಸರ್ಕಾರಿ ಶಾಲೆಯ ಮಗುವಿಗೆ ಪಾಠ ಯಾವ ದಾರಿಯಲ್ಲಿ ತಲುಪಿತು?

ವಳ್ಳೂರನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ನಾಗಲಮಡಿಕೆ ಹೋಬಳಿಯ ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ವಳ್ಳೂರು ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. 2018ರ ಮಾರ್ಚ್ 1ರಂದು ಅದರ ಉದ್ಘಾಟನೆಯಾಯಿತು. ಜಮೀನನ್ನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ರೈತರಿಂದ ಗುತ್ತಿಗೆಗೆ ಪಡೆದರು. ಜಮೀನಿದ್ದವರ ಮನೆಗೆ ಗುತ್ತಿಗೆ ಹಣ ಬಂತು. ಜಮೀನಿಲ್ಲದೆ ಅದೇ ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಬದುಕುತ್ತಿದ್ದವರ ಕೂಲಿ ಹೋಯಿತು. ಒಂದೇ ಬೀದಿಯ ಎರಡು ಮನೆಗಳಲ್ಲಿ ಒಂದಕ್ಕೆ ಸ್ಮಾರ್ಟ್‌ಫೋನ್ ಕೊಳ್ಳುವ ಶಕ್ತಿ ಬಂದು, ಇನ್ನೊಂದರಲ್ಲಿ ಇದ್ದ ಸಂಪಾದನೆಯೂ ನಿಲ್ಲಬಹುದಾದ ಊರು ಇದು. ಸರಾಸರಿ ಲೆಕ್ಕ ಇಲ್ಲಿ ಏನನ್ನೂ ಹೇಳದು.

ಹುಡುಕಾಟ ಮೊದಲ ಹೆಜ್ಜೆಗೇ ತಡವರಿಸಿತು. ಕಂದಾಯ ಇಲಾಖೆಗೆ ಪಾವಗಡ ಎಂದರೆ ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಒಂದು. ಶಿಕ್ಷಣ ಇಲಾಖೆಗೆ ಹಾಗಲ್ಲ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಅದಕ್ಕೆ ಬೇರೆ ಡಿಡಿಪಿಐ (ಉಪನಿರ್ದೇಶಕರು), ಬೇರೆ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ). ಹೀಗಾಗಿ ಶಾಲೆಗಳ ಲೆಕ್ಕ ಇಡುವ ಯು-ಡೈಸ್‌ನಲ್ಲಿ 'ತುಮಕೂರು ಮಧುಗಿರಿ' ಎಂಬ ಪ್ರತ್ಯೇಕ ಜಿಲ್ಲೆಯೇ ಇದೆ. ಮನೆ ಮನೆಗೆ ಹೋಗಿ ಮಕ್ಕಳ ಓದು-ಲೆಕ್ಕ ಪರೀಕ್ಷಿಸುವ 'ಅಸರ್' ಸಮೀಕ್ಷೆ ಮಾತ್ರ ಜನಗಣತಿಯ ಜಿಲ್ಲೆಯನ್ನು ಹಿಡಿಯುತ್ತದೆ: ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಅಲ್ಲಿ ತಿಪಟೂರು, ತುರುವೇಕೆರೆಯ ತೆಂಗಿನ ಸೀಮೆಯೂ ಪಾವಗಡದ ಬರದ ಸೀಮೆಯೂ ಒಂದೇ ಅಂಕಿಯಲ್ಲಿ ಕರಗುತ್ತವೆ. ಯು-ಡೈಸ್ ಶಾಲೆಯಲ್ಲಿರುವ ಕಂಪ್ಯೂಟರ್ ಎಣಿಸುತ್ತದೆ, ಅಸರ್ ಮನೆಯೊಳಗಿನ ಮಗುವನ್ನು ನೋಡುತ್ತದೆ. ಎರಡರ ಗಡಿ ಬೇರೆಯಾದ್ದರಿಂದ ಒಂದನ್ನು ಇನ್ನೊಂದಕ್ಕೆ ಜೋಡಿಸಲಾಗುವುದಿಲ್ಲ.

ದೊಡ್ಡ ಅಧ್ಯಯನಗಳು ಹೇಳಿದ್ದನ್ನು ಹಗುರವಾಗಿ ಕಾಣುವಂತಿಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿ 2021ರ ಫೆಬ್ರುವರಿಯಲ್ಲಿ ವರದಿ ಕೊಟ್ಟಿತು. ಶೇ. 92ರಷ್ಟು ಮಕ್ಕಳು ಹಿಂದಿನ ವರ್ಷ ಕಲಿತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಕಳೆದುಕೊಂಡಿದ್ದರು. 2021ರ ಮಾರ್ಚ್‌ನಲ್ಲಿ ಗ್ರಾಮೀಣ ಕರ್ನಾಟಕದಲ್ಲಿ ನಡೆದ ಅಸರ್ ಸಮೀಕ್ಷೆಯೂ ಇದನ್ನೇ ಹೇಳಿತು. ಮೂರನೇ ತರಗತಿಯಲ್ಲಿದ್ದು ಎರಡನೇ ತರಗತಿಯ ಪಾಠ ಓದಬಲ್ಲ ಮಕ್ಕಳು 2018ರಲ್ಲಿ ಶೇ. 19ರಷ್ಟಿದ್ದರು, 2021ರಲ್ಲಿ ಆ ಪ್ರಮಾಣ ಶೇ. 10ಕ್ಕಿಂತ ಕೆಳಗಿಳಿದಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜೀನ್ ಡ್ರೆಜ್, ರೀತಿಕಾ ಖೇರಾ ಮತ್ತು ಸಂಗಡಿಗರು ಹೊರತಂದ, 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಸಮೀಕ್ಷೆಯ ಪ್ರಕಾರ ಹಳ್ಳಿಯ ಬಡ ಮಕ್ಕಳಲ್ಲಿ ನಿಯಮಿತವಾಗಿ ಆನ್‌ಲೈನ್‌ನಲ್ಲಿ ಓದುತ್ತಿದ್ದವರು ಶೇ. 8 ಮಾತ್ರ. ಸ್ಮಾರ್ಟ್‌ಫೋನ್ ಇದ್ದ ಹಳ್ಳಿ ಮನೆಗಳಲ್ಲೂ ಈ ಪ್ರಮಾಣ ಶೇ. 15 ದಾಟಲಿಲ್ಲ. ಫೋನು ದುಡಿಯಲು ಹೋಗುವ ಅಪ್ಪನದೋ ಅಣ್ಣನದೋ ಆಗಿರುತ್ತದೆ. ಪಾಠದ ಹೊತ್ತಿಗೆ ಅದು ಮನೆಯಲ್ಲೇ ಇರುವುದಿಲ್ಲ.

ಆದರೂ ಪಾವಗಡದ ಒಂದು ಸಂಗತಿ ಇವುಗಳಲ್ಲಿ ನನಗೆ ಸಿಗಲಿಲ್ಲ. ಆಂಧ್ರ ಮೂರು ಕಡೆ ಸುತ್ತುವರಿದಿರುವ ಈ ತಾಲ್ಲೂಕಿನ ಬಹಳಷ್ಟು ಮನೆಗಳ ಮಾತು ತೆಲುಗು. ಅಂಥ ಮನೆಯ ಮಗುವಿಗೆ ಕನ್ನಡ ಕಿವಿಗೆ ಬೀಳುವುದು ಮುಖ್ಯವಾಗಿ ಶಾಲೆಯಲ್ಲಿ, ಮೇಷ್ಟ್ರ ಬಾಯಿಂದ. ಶಾಲೆ ಮುಚ್ಚಿದರೆ ಪಾಠದ ಜೊತೆಗೆ ಪಾಠದ ಭಾಷೆಯೂ ನಿಂತಂತೆ. 2020ರ ಜುಲೈನಲ್ಲಿ ಚಂದನ ವಾಹಿನಿಯಲ್ಲಿ ಶುರುವಾದ 'ಸಂವೇದ' ಪಾಠಗಳು ಮೊದಲಿಗೆ 8, 9, 10ನೇ ತರಗತಿಯವರಿಗಾಗಿ ಬಂದವು. ಕನ್ನಡದ ಅಕ್ಷರವನ್ನು ಆಗತಾನೆ ತಿದ್ದುತ್ತಿದ್ದ ಮಗುವಿಗೆ ಆ ಹೊತ್ತಿಗೆ ಅವುಗಳಿಂದ ಪ್ರಯೋಜನವಿರಲಿಲ್ಲ. ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಕೋ ಬೇಡವೋ ಎಂದು ಆಗ ಹೈಕೋರ್ಟಿನವರೆಗೂ ಹೋದ ವಾದ ಬೆಂಗಳೂರಿನ ಖಾಸಗಿ ಶಾಲೆಗಳನ್ನೇ ಸುತ್ತುತ್ತಿತ್ತು.

ಕೊನೆಗೆ ದಾರಿ ತೋರಿಸಿದ್ದು ಯಾವ ಸಂಶೋಧನಾ ಪ್ರಬಂಧವೂ ಅಲ್ಲ, 2020ರ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮದ ಮಾರ್ಗಸೂಚಿ. ಗುಡಿಯ ಜಗಲಿ, ಮರದ ನೆರಳಿನಲ್ಲಿ ಪಾಠ ಮಾಡಿದ ಯೋಜನೆ ಎಂದೇ ಅದು ಎಲ್ಲರ ನೆನಪಿನಲ್ಲಿದೆ. ಆದರೆ ಪಾಠಕ್ಕೆ ಮುಂಚೆ ಅದು ಶಿಕ್ಷಕರಿಂದ ಇನ್ನೊಂದು ಕೆಲಸ ಮಾಡಿಸಿತು. ಯಾವ ಸಾಧನವೂ ಇಲ್ಲದವರು, ಇಂಟರ್ನೆಟ್ ಇಲ್ಲದ ಸಾದಾ ಮೊಬೈಲ್ ಇರುವವರು, ಸ್ಮಾರ್ಟ್‌ಫೋನ್ ಮತ್ತು ಇಂಟರ್ನೆಟ್ ಇರುವವರು ಎಂದು ಮಕ್ಕಳನ್ನು ವಿಂಗಡಿಸಿ, 20-25 ಮಕ್ಕಳಿಗೆ ಒಬ್ಬ ಶಿಕ್ಷಕರನ್ನು ಮಾರ್ಗದರ್ಶಿಯಾಗಿ ನೇಮಿಸಬೇಕಿತ್ತು. ಅಂದರೆ ಸಮೀಕ್ಷೆಗಳು ಸ್ಯಾಂಪಲ್ ಹಿಡಿದು ಅಂದಾಜು ಮಾಡಿದ್ದನ್ನು ಇಲ್ಲಿ ಶಾಲೆ ಶಾಲೆಯಲ್ಲೂ ಮಗು ಮಗುವಿಗೂ ಬರೆದಿಡುವ ಏರ್ಪಾಡಿತ್ತು. ಆ ಮಕ್ಕಳನ್ನು ಹೆಸರು ಹಿಡಿದು ಬಲ್ಲ ಶಿಕ್ಷಕರೇ ಬರೆಯುವ ಲೆಕ್ಕ ಅದು. ಆನ್‌ಲೈನ್ ಶಿಕ್ಷಣದ ಬಗ್ಗೆ ನಮ್ಮ ರಾಜ್ಯದಲ್ಲಿ ಇದಕ್ಕಿಂತ ಒಳ್ಳೆಯ ಮೂಲ ದಾಖಲೆ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತು, 2021ರ ಜನವರಿಯಲ್ಲಿ ಶಾಲೆಯ ಆವರಣದಲ್ಲೇ ಮತ್ತೆ ನಡೆಯಿತು. ಆಮೇಲೆ ಆ ಪಟ್ಟಿಗಳ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಶಿಕ್ಷಕರು ಬಲ್ಲದ್ದನ್ನು ಹೀಗೆ ಬದಿಗಿಡುವುದು ಹೊಸದೇನಲ್ಲ. ಎಸ್. ಎಂ. ಕೃಷ್ಣ ಅವರ ಕಾಲದಲ್ಲಿ, 2001ರಲ್ಲಿ, ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆಂದು 'ಮಾಹಿತಿ ಸಿಂಧು' ಬಂತು. ಕಂಪ್ಯೂಟರ್ ತಂದು ಪಾಠ ಹೇಳುವ ಕೆಲಸವನ್ನು ಐದು ವರ್ಷದ ಗುತ್ತಿಗೆಗೆ ಖಾಸಗಿ ಕಂಪನಿಗಳಿಗೆ ವಹಿಸಲಾಯಿತು. ಶಾಲೆಯ ಗಣಿತ, ವಿಜ್ಞಾನದ ಮೇಷ್ಟ್ರು ಆ ಕೊಠಡಿಯ ಹೊರಗೇ ಉಳಿದರು. ಗುತ್ತಿಗೆ ಮುಗಿದಾಗ ಕಲಿಸುವವರೂ ಹೋದರು. ಅದೇ ಹೊತ್ತಿಗೆ ಕೇರಳ ತನ್ನ 'ಐಟಿ ಅಟ್ ಸ್ಕೂಲ್' ಯೋಜನೆಯಲ್ಲಿ ಶಾಲೆಯ ಶಿಕ್ಷಕರನ್ನೇ ತಯಾರು ಮಾಡಿತು. ಬೆಂಗಳೂರಿನ 'ಐಟಿ ಫಾರ್ ಚೇಂಜ್' ಈ ಎರಡನ್ನೂ ಹೋಲಿಸಿ ನೋಡಿ ಕೇರಳದ ದಾರಿಯೇ ಸರಿ ಎಂದಿತು. 2020ರಲ್ಲಿ ನಮ್ಮ ಎಷ್ಟೋ ಶಿಕ್ಷಕರು ತಮ್ಮದೇ ಫೋನು, ತಮ್ಮದೇ ಡೇಟಾ ಹಾಕಿಕೊಂಡು ವಾಟ್ಸ್‌ಆ್ಯಪ್‌ನಲ್ಲಿ ಪಾಠ ಕಳಿಸಲು ಒದ್ದಾಡಿದ್ದರ ಬೇರು ಅಲ್ಲಿದೆ.

ಆದ್ದರಿಂದ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಮುಖ್ಯ ಶಿಕ್ಷಕರಲ್ಲಿ, ಸಿಆರ್‌ಪಿಗಳಲ್ಲಿ (ಸಮೂಹ ಸಂಪನ್ಮೂಲ ವ್ಯಕ್ತಿಗಳಲ್ಲಿ) ನನ್ನದೊಂದು ಕೋರಿಕೆ. ವಿದ್ಯಾಗಮದ ಪಟ್ಟಿ, ಅಂದಿನ ಹಾಜರಿ ವಹಿ ಬೀರುವಿನಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಮಕ್ಕಳ ಹೆಸರು ಮರೆಮಾಡಿ, ಮನೆಮಾತು ಯಾವುದೆಂಬ ಒಂದು ಕಾಲಂ ಸೇರಿಸಿ, ಮಧುಗಿರಿ ಡಯಟ್‌ಗೆ ಒಂದು ಪ್ರತಿ ಕೊಡಿ. ಡಯಟ್ ಅದನ್ನು ತಾಲ್ಲೂಕುವಾರು ಜೋಡಿಸಿ ಪ್ರಕಟಿಸಲಿ. 2020-21ರಲ್ಲಿ ಒಂದನೇ ತರಗತಿಗೆ ಸೇರಿದ ಮಕ್ಕಳು 2030ರಲ್ಲಿ ಎಸ್ಸೆಸ್ಸೆಲ್ಸಿ ಬರೆಯುತ್ತಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಮಧುಗಿರಿಯ ಹೆಸರು ತುಮಕೂರಿನಿಂದ ಬೇರೆಯಾಗಿಯೇ ಬರುತ್ತದೆ. ಆ ಫಲಿತಾಂಶವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಪಟ್ಟಿಗಳು ಅಲ್ಲಿಯವರೆಗೆ ಉಳಿದಿರಬೇಕು.