ಬೂಷ್ಟಿನ ಸಕ್ಕರೆ ಕವಚ



2021ರ ಮೇ ತಿಂಗಳನ್ನು ಹೈದರಾಬಾದಿನವರು ಸುಲಭವಾಗಿ ಮರೆಯಲಾರರು. ಕೋವಿಡ್‌ನಿಂದ ಪಾರಾಗಿ ಮನೆಗೆ ಬಂದವರು ಕೆನ್ನೆ ಊದಿಕೊಂಡು, ಕಣ್ಣು ಮಂಜಾಗಿ ಕೋಠಿಯ ಸರ್ಕಾರಿ ಇ.ಎನ್.ಟಿ. ಆಸ್ಪತ್ರೆಗೆ ಬರತೊಡಗಿದರು. ಮೇ 20ರಂದು ತೆಲಂಗಾಣ ಸರ್ಕಾರ ಮ್ಯೂಕರ್‌ಮೈಕೋಸಿಸ್ ಅನ್ನು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ತಂದಿತು. ಪ್ಲೇಗಿನ ಕಾಲದ ಕಾಯ್ದೆ, ನೋಡಿ! ಪತ್ರಿಕೆಗಳು 'ಕಪ್ಪು ಶಿಲೀಂಧ್ರ' ಎಂದು ಬರೆದವು. ಆ ಕಪ್ಪು ಬೂಷ್ಟಿನದಲ್ಲ, ರಕ್ತ ಹರಿಯದೆ ಸತ್ತ ಮಾಂಸದ್ದು.

ಹಳಸಿದ ಬ್ರೆಡ್ಡಿನ ಮೇಲೆ ಕಾಣುವ ಬೂಷ್ಟಿನ ಬಳಗವೇ ಇದು. ಅದರ ಬೀಜಕಣಗಳನ್ನು ನಾವು ದಿನವೂ ಉಸಿರಾಡುತ್ತೇವೆ. ಆದರೂ ಕಾಯಿಲೆ ಬೀಳುವುದಿಲ್ಲವಲ್ಲ, ಏಕೆ?

ಬೂಷ್ಟಿನ ಹೊರಗೋಡೆ ಬಹುಪಾಲು ಸಕ್ಕರೆಯ ಸರಪಳಿ. ಚಹಾಕ್ಕೆ ಹಾಕುವ ಸಕ್ಕರೆಯಲ್ಲ. ಗ್ಲೂಕನ್, ಕೈಟಿನ್ ಎಂಬ ಗಟ್ಟಿ ಹೆಣಿಗೆ. ನಮ್ಮ ಜೀವಕೋಶಗಳಿಗೆ ಇಂಥ ಗೋಡೆಯಿಲ್ಲ. ಹಾಗಾಗಿ ಅದನ್ನು ಕಂಡೊಡನೆ ದೇಹಕ್ಕೆ ಪರಕೀಯರ ಗುರುತು ಸಿಗುತ್ತದೆ.

ಇದರ ಸುಳಿವು ಸಿಕ್ಕಿದ್ದು ಯೀಸ್ಟಿನಿಂದ. 1941ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಲೂಯಿ ಪಿಲ್ಲೆಮರ್ ಮತ್ತು ಎಕರ್, ರಕ್ತದ್ರವದ ರಕ್ಷಣಾ ಪ್ರೋಟೀನುಗಳನ್ನು ಕೆರಳಿಸುವ ಯೀಸ್ಟ್ ಗೋಡೆಯ ಪದಾರ್ಥವನ್ನು ವರ್ಣಿಸಿದರು. ಅದೇ ಜೈಮೋಸಾನ್. ಪ್ರತಿಕಾಯಗಳ ನೆರವಿಲ್ಲದೆಯೂ ರಕ್ತ ಈ ಸಕ್ಕರೆಗೆ ತಿರುಗಿಬೀಳಬಲ್ಲದು ಎಂದು 1954ರಲ್ಲಿ ಪಿಲ್ಲೆಮರ್ ಹೇಳಿದಾಗ ಅನೇಕರು ಒಪ್ಪಲಿಲ್ಲ. 1957ರಲ್ಲಿ ಅವರು ತೀರಿಕೊಂಡರು. ಅವರ ಮಾತಿಗೆ ಮನ್ನಣೆ ಸಿಗಲು ಮತ್ತೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಬದುಕಿದ್ದಾಗ ಸಿಗಬೇಕಿದ್ದ ಮರ್ಯಾದೆ ಅದು.

2001ರಲ್ಲಿ ಗಾರ್ಡನ್ ಬ್ರೌನ್, ಸೈಮನ್ ಗಾರ್ಡನ್ ಎಂಬುವರು ಬಿಳಿ ರಕ್ತಕಣದ ಮೇಲೆ ಗ್ಲೂಕನ್ನನ್ನು ಹಿಡಿಯುವ 'ಡೆಕ್ಟಿನ್-1' ಎಂಬ ಕೊಕ್ಕೆಯನ್ನು ಗುರುತಿಸಿದರು. ಅದು ಸಿಕ್ಕಿಕೊಂಡರೆ ಸಾಕು, ರಕ್ತಕಣ ಬೂಷ್ಟನ್ನು ನುಂಗಲು ಹೊರಡುತ್ತದೆ.

ಕೋಠಿಗೆ ಬಂದ ಬೂಷ್ಟಿನ ತೊಡಕು ಇಲ್ಲೇ ಇತ್ತು. ಮ್ಯೂಕರ್ ಗೋಡೆಯಲ್ಲಿ ಈ ಗ್ಲೂಕನ್ ಬಲು ಕಡಿಮೆ. ಕೈಟಿನ್, ಕೈಟೋಸಾನ್‌ಗಳೇ ಹೆಚ್ಚು. ಆದ್ದರಿಂದ ಬೇರೆ ಶಿಲೀಂಧ್ರಗಳನ್ನು ಪತ್ತೆಮಾಡುವ ಗ್ಲೂಕನ್ ರಕ್ತಪರೀಕ್ಷೆ ಇದನ್ನು ಹಿಡಿಯುವುದಿಲ್ಲ. ಗ್ಲೂಕನ್ ತಯಾರಿಕೆಯನ್ನೇ ನಿಲ್ಲಿಸುವ ಔಷಧಿಗಳಿಂದಲೂ ಪ್ರಯೋಜನ ಕಾಣದು. ಇದರ ಮೇಲೆ ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಎರಡೂ ಬಿಳಿ ರಕ್ತಕಣಗಳ ಕೈಕಟ್ಟಿದ್ದವು. ಉಳಿದ ಮುಖ್ಯ ಮದ್ದು ಆಂಫೊಟೆರಿಸಿನ್-ಬಿ. ಆ ದಿನಗಳಲ್ಲಿ ಅದಕ್ಕಾಗಿ ಮನೆಯವರು ಊರೆಲ್ಲ ಅಲೆದರು. ಜೊತೆಗೆ ಶಸ್ತ್ರಚಿಕಿತ್ಸೆ. ಕೆಲವರ ಕಣ್ಣನ್ನೇ ತೆಗೆಯಬೇಕಾಯಿತು.

ರೋಗ ಪತ್ತೆಗೆ ನೆರವಾದದ್ದು ಬಹಳ ಹಳೆಯ ಉಪಾಯ. ಮೂಗಿನಿಂದ ತೆಗೆದ ಚೂರಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿದರೆ ಮಾಂಸ ಕರಗುತ್ತದೆ, ಬೂಷ್ಟಿನ ಸಕ್ಕರೆ ಗೋಡೆ ಕರಗುವುದಿಲ್ಲ. ಸೂಕ್ಷ್ಮದರ್ಶಕದಡಿ ಅಗಲವಾದ ರಿಬ್ಬನ್ನಿನಂಥ ಎಳೆಗಳು ಕಾಣುತ್ತವೆ.