ಹಾಸನ ಸೀಮೆಯ ಸೈಕಲ್ ಚೈನು

ಹೊಸ ಸೈಕಲ್ ಚೈನನ್ನು ಮನುಷ್ಯ ತುಳಿದು ಕಡಿಯಲಾರ. ನಮ್ಮ ಕಡೆಯ ಕಪ್ಪು ಸೈಕಲ್ಲಿನ ಚೈನ್‌ವೀಲಿಗೆ ಸಾಮಾನ್ಯವಾಗಿ 44 ಹಲ್ಲು, ಕ್ರ್ಯಾಂಕು ಆರೂವರೆ ಇಂಚು. 60 ಕೆ.ಜಿ. ತೂಕದ ಆಳು ಏರಿನಲ್ಲಿ ಸೀಟು ಬಿಟ್ಟೆದ್ದು ಒಂದೇ ಪೆಡಲಿನ ಮೇಲೆ ನಿಂತರೂ ಚೈನಿನ ಮೇಲೆ ಬೀಳುವ ಎಳೆತ ಸುಮಾರು 110 ಕೆ.ಜಿ. ಚೈನು 800 ಕೆ.ಜಿ.ಯಷ್ಟು ಎಳೆತ ತಡೆಯಬೇಕೆಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಹಾಗಿದ್ದೂ ಕಡಿದ ಚೈನನ್ನು ಹ್ಯಾಂಡಲ್ಲಿಗೆ ಸುತ್ತಿಕೊಂಡು, ಕ್ಯಾರಿಯರಿನ ಮೂಟೆ ಬೀಳದಂತೆ ಒಂದು ಕೈ ಆನಿಸಿಕೊಂಡು, ಮೈಲಿಗಟ್ಟಲೆ ತಳ್ಳಿಕೊಂಡು ಬರುತ್ತಿದ್ದವರನ್ನು ನಾನು ಬಾಲ್ಯವೆಲ್ಲ ನೋಡಿದ್ದೇನೆ. ಅವರ ಚೈನು ಕಡಿಯುತ್ತಿದ್ದದ್ದು ಯಾಕೆ ಎಂಬುದು ಮೆಕ್ಯಾನಿಕ್ಕಿನ ಪ್ರಶ್ನೆಯಂತೆ ಕಂಡರೂ ಅದರಲ್ಲಿ ಬಡತನದ ಪಾಲು ದೊಡ್ಡದು.

ನಮ್ಮ ದೊಡ್ಡಪ್ಪ ಹೊಳೆನರಸೀಪುರದಲ್ಲಿ ಸೈಕಲ್ ಶಾಪ್ ಇಟ್ಟಿದ್ದರು. ಬಾಡಿಗೆ ಸೈಕಲ್, ಪಂಚರ್, ಓವರಾಯಿಲಿಂಗ್, ಇಷ್ಟೇ ವ್ಯಾಪಾರ. ಹೆಣ್ಣುಮಗು ಮಸಿ ಕೈ ಮಾಡಿಕೊಂಡು ಕೂರುತ್ತದೆಂದು ಅಜ್ಜಿ ಬೈಯುತ್ತಿದ್ದರೂ ಶಾಲೆ ಬಿಟ್ಟ ಮೇಲೆ ಸೀಮೆಎಣ್ಣೆ ಡಬ್ಬಿಯಲ್ಲಿ ಚೈನು ತೊಳೆಯುವ ಕೆಲಸ ನನ್ನದೇ ಆಗಿತ್ತು. ಮುಂದೆ ಅರಕಲಗೂಡು, ಚನ್ನರಾಯಪಟ್ಟಣ, ಹಾಸನಗಳಲ್ಲಿ ಹೈಸ್ಕೂಲ್ ವಿಜ್ಞಾನ ಶಿಕ್ಷಕಿಯಾದಾಗ ಸನ್ನೆಯ ಪಾಠಕ್ಕೆ ನಾನು ತರಗತಿಗೆ ಒಯ್ಯುತ್ತಿದ್ದದ್ದು ಸೈಕಲ್ಲನ್ನೇ.

ಚೈನಿನ ಮೂಲ ಇಂಗ್ಲೆಂಡಿನಲ್ಲಿದೆ. ಸ್ವಿಟ್ಜರ್ಲೆಂಡಿನಿಂದ ಮ್ಯಾಂಚೆಸ್ಟರಿಗೆ ಹೋಗಿ ನೆಲೆಸಿದ್ದ ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ಬುಷ್ ಮತ್ತು ರೋಲರ್ ಇರುವ ಚೈನನ್ನು ಕಂಡುಹಿಡಿದ. ಪಿನ್ನಿನ ಸುತ್ತ ಒಂದು ಸಣ್ಣ ಕೊಳವೆ, ಅದರ ಮೇಲೆ ಉರುಳುವ ಇನ್ನೊಂದು ಕೊಳವೆ. ಹಲ್ಲಿಗೆ ಪಿನ್ನು ನೇರವಾಗಿ ಉಜ್ಜದೆ ಸವೆತ ಹಂಚಿಹೋಗುವ ಏರ್ಪಾಡು ಅದು. ಐದು ವರ್ಷಕ್ಕೆ, 1885ರಲ್ಲಿ, ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಹಿಂದಿನ ಚಕ್ರಕ್ಕೆ ಚೈನು ಹಾಕಿದ ರೋವರ್ ಸೈಕಲ್ ತಂದ. ಎರಡು ಪಿನ್ನುಗಳ ನಡುವೆ ಅರ್ಧ ಇಂಚು ಎಂಬ ಅಳತೆ ಕಳೆದ ಶತಮಾನದ ಮೊದಲ ದಶಕಗಳಲ್ಲಿ ರೂಢಿಗೆ ಬಂತು. ಇವತ್ತು ಹಾಸನದ ಅಂಗಡಿಯಲ್ಲಿ ಸಿಗುವ ಚೈನಿಗೂ ಅದೇ ಅಳತೆ.

ಸ್ವಾತಂತ್ರ್ಯಕ್ಕೆ ಮುಂಚೆ ಇಲ್ಲಿ ಓಡುತ್ತಿದ್ದ ರ್‍ಯಾಲಿ, ಹಂಬರ್, ಬಿ.ಎಸ್.ಎ. ಸೈಕಲ್ಲುಗಳು ಬಹುಮಟ್ಟಿಗೆ ಹಡಗಿನಲ್ಲಿ ಬಂದವು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಬಿಡಿಭಾಗಕ್ಕೆ ಬರಗಾಲ. 1949ರಲ್ಲಿ ಮದ್ರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನೆಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಹುಟ್ಟಿಕೊಂಡ ಮೇಲೆ ಸೈಕಲ್ ರೈತನ ಕೈಗೆಟುಕಿತು. 1960ರಲ್ಲಿ ಅಮೆರಿಕದ ಡೈಮಂಡ್ ಚೈನ್ ಕಂಪನಿಯ ಜೊತೆ ಸೇರಿ ಟಿ.ಐ.ಯವರು ಮದ್ರಾಸಿನಲ್ಲಿ ಚೈನಿಗೇ ಒಂದು ಕಾರ್ಖಾನೆ ಮಾಡಿದರು. ದೊಡ್ಡಪ್ಪ ಮೈಸೂರು–ಅರಸೀಕೆರೆ ರೈಲಿನಲ್ಲಿ ಹೋಗಿ ಮೈಸೂರಿನಿಂದ ಚೈನು, ಫ್ರೀವೀಲು, ಬಾಲ್ಸು ತರುತ್ತಿದ್ದರು.

ಚೈನಿಗೆ ದಾರಿಯ ಗುರುತು ಉಳಿಯುತ್ತದೆ. ಅರಕಲಗೂಡು ಕಡೆಯಿಂದ, ಕಟ್ಟೇಪುರದ ಕೃಷ್ಣರಾಜ ಕಟ್ಟೆಯ ನಾಲೆ ಏರಿಗಳ ಮೇಲೆ ಬಂದ ಸೈಕಲ್ಲಿನ ಚೈನಿಗೆ ಕೆಸರು ಮೆತ್ತಿ ಒಳಗೆ ತುಕ್ಕು ಹಿಡಿದಿರುತ್ತಿತ್ತು. ಆಲೂಗಡ್ಡೆ ಮೂಟೆ, ಹೊಗೆಸೊಪ್ಪಿನ ಹೊರೆ ಬೇರೆ. ಚನ್ನರಾಯಪಟ್ಟಣದ ಬಯಲಿನಿಂದ ತೆಂಗಿನಕಾಯಿ ಹೇರಿಕೊಂಡು ಬಂದವರ ಚೈನಿನಲ್ಲಿ ತುಕ್ಕು ಕಡಿಮೆ, ದೂಳು ಜಾಸ್ತಿ. ಅಲ್ಲಿ ಎಷ್ಟೋ ಜನ ಗಾಡಿಯ ಕೀಲೆಣ್ಣೆಯನ್ನೇ ಚೈನಿಗೂ ಬಳಿಯುತ್ತಿದ್ದರು. ಆ ಮಂದ ಎಣ್ಣೆಗೆ ಮಣ್ಣು ಅಂಟಿ ಪಿನ್ನು, ಬುಷ್ಷು ಎರಡನ್ನೂ ಅರೆದುಬಿಡುತ್ತಿತ್ತು. ಹಾಸನದ ಮಂಗಳವಾರದ ಸಂತೆಗೆ ಹೊರಟವರು, ಕ್ಯಾನು ನೇತುಹಾಕಿಕೊಂಡ ಹಾಲಿನವರು ಕತ್ತಲಲ್ಲೇ ತುಳಿಯಬೇಕು. ಡೈನಮೋ ಹೊತ್ತಿಸಿದರೆ ಕಾಲಿಗೆ ಇನ್ನಷ್ಟು ಭಾರ.

"ಚೈನು ಲೂಸಾಗಿದೆ, ಒಂದ್ ಲಿಂಕ್ ತೆಗೆದ್ಕೊಡಿ ಅಣ್ಣಾ" ಅನ್ನುವುದು ಅಂಗಡಿಯಲ್ಲಿ ಅತಿ ಹೆಚ್ಚು ಕೇಳುತ್ತಿದ್ದ ಮಾತು. ಚೈನು ಲೂಸಾಗುವುದೆಂದರೆ ಕೊಂಡಿಯ ತಗಡು ಹಿಗ್ಗುವುದು ಅಂತ ಬಹಳ ಜನ ತಿಳಿದಿದ್ದಾರೆ. ಆದರೆ ನಿಜಕ್ಕೂ ಒಂದೊಂದು ಪಿನ್ನೂ ಕೂದಲೆಳೆಯಷ್ಟು ಸವೆದು, ನೂರಕ್ಕೂ ಹೆಚ್ಚು ಕೀಲುಗಳ ಸವೆತ ಒಟ್ಟಾಗಿ ಉದ್ದ ಬೆಳೆದಿರುತ್ತದೆ. ಲಿಂಕ್ ತೆಗೆದರೆ ಚೈನು ಬಿಗಿಯಾಗುತ್ತದೆ, ಸವೆತ ಹೋಗುವುದಿಲ್ಲ. ಅರ್ಧ ಇಂಚಿನ ಹಲ್ಲುಗಳ ಮೇಲೆ ಅರ್ಧ ಇಂಚಿಗಿಂತ ಉದ್ದದ ಕೊಂಡಿ ಕೂತು, ಭಾರವೆಲ್ಲ ಒಂದೆರಡು ಹಲ್ಲಿನ ಮೇಲೇ ಬೀಳುತ್ತದೆ. ಚೈನು ಹಾರುತ್ತದೆ, ಜಗ್ಗುತ್ತದೆ, ಹೀಗೆ ಜಗ್ಗಿದ ಯಾವುದೋ ಹೊತ್ತಿನಲ್ಲಿ ತಗಡಿನ ಕಣ್ಣಿನ ಅಂಚು ಸೀಳುತ್ತದೆ. ಹೊಸ ಚೈನಿಗೆ ದುಡ್ಡಿಲ್ಲದವರು ಸುಗ್ಗಿಯವರೆಗೆ ಸುಧಾರಿಸಲು ಲಿಂಕ್ ತೆಗೆಸುತ್ತಿದ್ದರು, ಸುಗ್ಗಿಯ ಮೂಟೆಗೇ ಚೈನು ಕಡಿಯುತ್ತಿತ್ತು. "ಅದು ತಾನಾಗಿ ಕಟ್ಟಾಗಿಲ್ಲ ಕಣಯ್ಯ, ನಾವೇ ಕಟ್ ಮಾಡಿದೀವಿ" ಎನ್ನುತ್ತಿದ್ದರು ದೊಡ್ಡಪ್ಪ. ಬಡವನಿಗೆ ಚೈನನ್ನು ಸಾಲಕ್ಕೆ ಕೊಟ್ಟು ಗೋಡೆಯ ಮೇಲೆ ಬಳಪದಲ್ಲಿ ಬರೆದಿಡುತ್ತಿದ್ದರು.

ಚೈನು ಕಡಿಯುವುದಕ್ಕೆ ಇನ್ನೊಂದು ಕಾರಣ ಜೋಡಣೆ. ಚೈನು ಬಿಚ್ಚಬೇಕಾದರೆ ದೊಡ್ಡಪ್ಪ ಅದನ್ನು ದಪ್ಪ ನಟ್ಟಿನ ತೂತಿನ ಮೇಲೆ ಇಟ್ಟು, ಪಂಚಿನ ತುದಿಯನ್ನು ಪಿನ್ನಿನ ತಲೆಗೆ ನೇರ ನಿಲ್ಲಿಸಿ, ಸುತ್ತಿಗೆಯಿಂದ ಸಣ್ಣದಾಗಿ ಎರಡೇಟು ಹಾಕುತ್ತಿದ್ದರು. ಪಿನ್ನು ಹೊರತಗಡಿನಲ್ಲೇ ಕಚ್ಚಿಕೊಂಡಿರಬೇಕು, ಪೂರ್ತಿ ಬೀಳಬಾರದು. ಬಿದ್ದ ಪಿನ್ನನ್ನು ಮತ್ತೆ ಬಡಿದು ಕೂರಿಸಿದರೆ ತಗಡಿನ ಹಿಡಿತ ಸಡಿಲ. ಕಡಿದ ಚೈನುಗಳಲ್ಲಿ ನಾನು ಕಂಡ ಅನೇಕವು ಹೀಗೆ ಹಳೇ ಪಿನ್ನು ಬಡಿದ ಜಾಗದಲ್ಲೇ ಬಿಟ್ಟಿದ್ದವು. ದೊಡ್ಡಪ್ಪ ಅಲ್ಲಿಗೆ ಹೊಸ ಚೈನ್ ಲಾಕ್ ಹಾಕುತ್ತಿದ್ದರು. ಲಾಕಿನ ಕ್ಲಿಪ್ಪಿಗೆ ಒಂದು ಕಡೆ ಮುಚ್ಚಿದ ತಲೆ, ಇನ್ನೊಂದು ಕಡೆ ತೆರೆದ ಬಾಯಿ. ಮುಚ್ಚಿದ ತಲೆ ಚೈನು ಓಡುವ ದಿಕ್ಕಿಗಿರಬೇಕು. ತಿರುಗಿಸಿ ಹಾಕಿದರೆ ಕಲ್ಲೋ ಕಡ್ಡಿಯೋ ತಗುಲಿ ಕ್ಲಿಪ್ಪು ಎಗರಿಹೋಗುತ್ತದೆ. ಕೊನೆಗೆ ಆ ಕೀಲನ್ನು ಎರಡು ಹೆಬ್ಬೆರಳಿನಿಂದ ಪಕ್ಕಕ್ಕೆ ಅಲುಗಿಸಿ, ಬಿಗಿ ಬಿಡಿಸಿ, ಒಂದು ಹನಿ ಮಿಷಿನ್ ಎಣ್ಣೆ. ಸೊಟ್ಟ ಆಕಾರದ ಅರ್ಧ ಲಿಂಕನ್ನು, ಭಾರ ಹೊರುವ ಹಾಲಿನವರ ಸೈಕಲ್ಲಿಗೆ ಅವರು ಎಂದೂ ಹಾಕಲಿಲ್ಲ.

ಚೈನು ಆರಿಸುವ ದೊಡ್ಡಪ್ಪನ ಕ್ರಮ ಇಂದಿಗೂ ಸಲ್ಲುತ್ತದೆ. ಮೊದಲು ಹಳೆಯದನ್ನು ಅಳೆಯಬೇಕು. ಚೈನನ್ನು ಬಿಗಿಯಾಗಿ ಎಳೆದು ಮರದ ಅಡಿಕೋಲು ಹಿಡಿದರೆ 24 ಕೊಂಡಿ ಸರಿಯಾಗಿ 12 ಇಂಚು ಇರಬೇಕು. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಬದಲಿಸುವ ಕಾಲ ಬಂತು. ಎಂಟನೇ ಒಂದು ಭಾಗ ಹೆಚ್ಚಿದ್ದರೆ ಫ್ರೀವೀಲೂ ಸವೆದಿರುತ್ತದೆ. ಆಗ ಎರಡನ್ನೂ ಒಟ್ಟಿಗೆ ಬದಲಿಸದಿದ್ದರೆ ಹೊಸ ಚೈನು ಹಳೇ ಹಲ್ಲಿನ ಮೇಲೆ ಹಾರುತ್ತದೆ. ಅಗಲ ಕೇಳಿ ಕೊಳ್ಳಬೇಕು: ಗೇರಿಲ್ಲದ ಸೈಕಲ್ಲಿಗೆ ಎಂಟನೇ ಒಂದು ಇಂಚು. ಗೇರ್ ಸೈಕಲ್ಲಿನ ತೆಳು ಚೈನು ದಪ್ಪ ಹಲ್ಲಿನ ಮೇಲೆ ಕೂರುವುದೇ ಇಲ್ಲ. ಆಮೇಲೆ ಪಿನ್ನಿನ ತಲೆಗಳು ಎಲ್ಲ ಒಂದೇ ಸಮ ಇವೆಯೇ, ರೋಲರುಗಳು ಬೆರಳಿಗೆ ಸಲೀಸಾಗಿ ತಿರುಗುತ್ತವೆಯೇ, ಚೈನನ್ನು ಅಡ್ಡ ಹಿಡಿದರೆ ಹೊಸದರಲ್ಲೇ ಜೋಲುತ್ತದೆಯೇ ನೋಡಬೇಕು. ಡಬ್ಬಿಯ ಮೇಲಿನ ಹೆಸರನ್ನು ದೊಡ್ಡಪ್ಪ ಕೊನೆಗೆ ನೋಡುತ್ತಿದ್ದರು. ಒಳ್ಳೆಯ ಹೆಸರಿನ ಡಬ್ಬಿಯಲ್ಲಿ ಡುಪ್ಲಿಕೇಟ್ ಮಾಲು ಆ ಕಾಲಕ್ಕೂ ಬರುತ್ತಿತ್ತು.

1972ರಲ್ಲಿ ಲೂನಾ, 1980ರಲ್ಲಿ ಟಿ.ವಿ.ಎಸ್. 50 ಬಂದವು. ಹಾಲಿನ ಕ್ಯಾನು, ತೆಂಗಿನಕಾಯಿ ಮೂಟೆಗಳು ನಿಧಾನವಾಗಿ ಮೊಪೆಡ್ಡಿಗೆ ಏರಿದವು, ರಿಪೇರಿಯವರೂ ಅದರ ಹಿಂದೆ ಹೋದರು. ಬಾಡಿಗೆ ಸೈಕಲ್ಲಿನ ಅಂಗಡಿಗಳು ಒಂದೊಂದೇ ಮುಚ್ಚಿದವು. 2006-07ರಲ್ಲಿ, ನಮ್ಮ ತಾಲ್ಲೂಕಿನವರೇ ಆದ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ, ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡತೊಡಗಿತು. ನಾಲ್ಕೈದು ಕಿಲೋಮೀಟರ್ ನಡೆದು ಸುಸ್ತಾಗಿ ತೂಕಡಿಸುತ್ತಿದ್ದ ಹುಡುಗಿಯರು ಮೊದಲ ಪಿರಿಯಡ್ಡಿಗೇ ಎಚ್ಚರವಾಗಿ ಕೂತದ್ದನ್ನು ಕಂಡು ನನಗಾದ ಸಂತೋಷ ದೊಡ್ಡದು. ಆದರೆ ಅದೇ ಸೈಕಲ್ಲುಗಳು ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಚೈನು ಕಡಿದುಕೊಂಡು ದನದ ಕೊಟ್ಟಿಗೆ ಸೇರಿದ್ದನ್ನೂ ಕಂಡಿದ್ದೇನೆ. ಸೀಮೆಎಣ್ಣೆಯಲ್ಲಿ ತೊಳೆದು ಎಣ್ಣೆ ಬಿಡಬೇಕೆಂದು ಹೇಳುವ ಸೈಕಲ್ ಶಾಪು ಆ ಹೊತ್ತಿಗೆ ಹಳ್ಳಿಯ ಹತ್ತಿರ ಎಲ್ಲೂ ಉಳಿದಿರಲಿಲ್ಲ. 2020ರಲ್ಲಿ ಕೊರೋನಾ ಬಂದು ಆ ಯೋಜನೆ ನಿಂತಿತು. ಅದೇ ವರ್ಷ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿತು.

ಮಕ್ಕಳಿಗೆ ಮತ್ತೆ ಸೈಕಲ್ ಕೊಡುವ ದಿನ ಬಂದರೆ ಹೋಬಳಿಗೊಬ್ಬ ರಿಪೇರಿ ಬಲ್ಲವರನ್ನೂ ಗೊತ್ತುಮಾಡಿ ಎಂದು ಸರ್ಕಾರವನ್ನು ಕೇಳಿಕೊಳ್ಳುತ್ತೇನೆ. ಆ ಕೈಕೆಲಸ ಗೊತ್ತಿರುವ ಹಿರಿಯರು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹಾಸನ ಈ ನಾಲ್ಕೂ ಊರುಗಳಲ್ಲಿ ಇನ್ನೂ ಇದ್ದಾರೆ. ಅಲ್ಲಿಯವರೆಗೆ, ನಿಮ್ಮ ಕೊಟ್ಟಿಗೆಯಲ್ಲೊಂದು ಸ್ಕೂಲ್ ಸೈಕಲ್ ಬಿದ್ದಿದ್ದರೆ ಅದನ್ನು ಗುಜರಿಗೆ ಹಾಕುವ ಮುಂಚೆ 24 ಕೊಂಡಿ ಅಳೆದು ನೋಡಿ, ತೀರಾ ಸವೆದಿದ್ದರೆ ಚೈನು ಮತ್ತು ಫ್ರೀವೀಲು ಎರಡನ್ನೂ ಒಟ್ಟಿಗೆ ಹೊಸದು ಹಾಕಿಸಿ.