ಚೆಕ್‌ರೋಲಿನ ಆಯಸ್ಸು

1992ರ ಫೆಬ್ರವರಿಯ ಒಂದು ಸಂಜೆ, ಕಾಫಿ ಕಣದ ಮೂಲೆಯಲ್ಲಿ ನಾನು ಹದಿನೇಳು ವರ್ಷದ ಹಾಜರಿ ಪುಸ್ತಕಗಳನ್ನು, ಅಂದರೆ ಚೆಕ್‌ರೋಲುಗಳನ್ನು ಸುಟ್ಟೆ. ತೋಟ ಕೈ ಬದಲಾಗಿತ್ತು. ಹೊಸ ಧಣಿಗಳಿಗೆ ಆಫೀಸಿನ ಅಟ್ಟ ಖಾಲಿ ಬೇಕಿತ್ತು. ಮಲೆನಾಡಿನ ಮಳೆ ಕುಡಿದ ಪುಸ್ತಕಗಳು ಬೇಗ ಬೆಂಕಿ ಹಿಡಿಯುವುದಿಲ್ಲ. ರಟ್ಟು ಕಿತ್ತು, ಹಾಳೆ ಬಿಡಿಸಿ, ಸಿಲ್ವರ್ ಮರದ ಒಣಎಲೆ ಗುಡ್ಡೆಹಾಕಿ ಹೊತ್ತಿಸಬೇಕಾಯಿತು. ಸುಡುವ ಮೊದಲು ಕಾನೂನಿನ ಪುಸ್ತಕ ತೆಗೆದು ನೋಡಿದ್ದೆ. 1936ರ ವೇತನ ಪಾವತಿ ಕಾಯ್ದೆ, 13ಎ ಕಲಮು: ರಿಜಿಸ್ಟರುಗಳನ್ನು ಕೊನೆಯ ನಮೂದಿನ ದಿನದಿಂದ 3 ವರ್ಷ ಕಾಪಾಡಬೇಕು. 1989ರಿಂದ ಈಚಿನವನ್ನು ಬೀರುವಿನಲ್ಲಿಟ್ಟು ಉಳಿದವನ್ನು ಬೆಂಕಿಗೆ ಕೊಟ್ಟೆ. ಅವುಗಳಲ್ಲಿ ಕಡೆಯ ಹನ್ನೊಂದು ವರ್ಷದವು ನನ್ನದೇ ಕೈಬರಹದವು.

ನಾನು ಮೂಡಿಗೆರೆ ಸೀಮೆಯ ತೋಟವೊಂದರಲ್ಲಿ ರೈಟರಾಗಿದ್ದವನು. ನಮ್ಮ ಕಡೆ ತೋಟದ ಲೆಕ್ಕ ಬರೆಯುವವರನ್ನು ಹಾಗೇ ಕರೆಯುತ್ತಾರೆ. ಬೆಳಿಗ್ಗೆ ಏಳೂವರೆಗೆ ಕೂಲಿಯವರ ಮನೆಸಾಲಾದ ಲೈನಿನ ಮುಂದೆ ಆಳು ಎಣಿಸುವುದು, ಯಾರು ಮರಗಸಿಗೆ, ಯಾರು ಚಿಗುರು ತೆಗೆಯಲು, ಯಾರು ಗೊಬ್ಬರಕ್ಕೆ ಎಂದು ಪಾಕೆಟ್ ಚೆಕ್‌ರೋಲಿನಲ್ಲಿ ಗುರುತು ಹಾಕಿಕೊಳ್ಳುವುದು, ಸಂಜೆ ಚಿಮಣಿ ಬೆಳಕಿನಲ್ಲಿ ಅದನ್ನು ದೊಡ್ಡ ಚೆಕ್‌ರೋಲಿಗೆ ಏರಿಸುವುದು, ಶನಿವಾರ ಬಟವಾಡೆ. ದೊಡ್ಡ ಪುಸ್ತಕದ ಎಡಗಡೆ ಹೆಸರು, ಬಲಕ್ಕೆ ತಿಂಗಳ ಒಂದೊಂದು ದಿನಕ್ಕೂ ಒಂದು ಮನೆ. ಪೂರ್ತಿ ಆಳಿಗೆ ಒಂದು, ಮಧ್ಯಾಹ್ನ ಹೋದರೆ ಅರ್ಧ, ಬಾರದಿದ್ದರೆ ಗೆರೆ. ಕೊನೆಯಲ್ಲಿ ಒಟ್ಟು ದಿನ, ಕೂಲಿ ದರ, ಮುಂಗಡ ಮುರಿದದ್ದು, ಕೈಗೆ ಕೊಟ್ಟದ್ದು, ಹೆಬ್ಬೆಟ್ಟು. ಹಣ್ಣು ಕೊಯ್ಲಿನ ಕಾಲದಲ್ಲಿ ಅದೇ ಮನೆಗಳಲ್ಲಿ ಕಿಲೋ ಲೆಕ್ಕ. ಹೆಬ್ಬೆಟ್ಟಿನ ಶಾಯಿ ಕಾಫಿ ಹಣ್ಣಿನ ಅಂಟಿಗೆ ಬೆರೆತು ಮಸಿಯಾಗುತ್ತಿತ್ತು. ಆ ಕಾಲದ ಹಾಳೆಗಳನ್ನು ಮುಟ್ಟಿದರೇ ತಿಳಿಯುತ್ತಿತ್ತು, ಇದು ಡಿಸೆಂಬರಿನದು ಎಂದು.

ಈ ಪುಸ್ತಕ ಮೊದಲು ಯಾರಿಗಾಗಿ ಹುಟ್ಟಿತು ಎಂದು ನಿವೃತ್ತನಾದ ಮೇಲೆ ಹುಡುಕಿಕೊಂಡು ಹೋದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಚಿಕ್ಕಮಗಳೂರು, ಮಂಜರಾಬಾದು, ಕೊಡಗಿನ ಕಾಡುಗಳಿಗೆ ಯುರೋಪಿನ ಪ್ಲಾಂಟರುಗಳು ಬಂದರು. ಕೊಡಗಿನಲ್ಲಿ ಅವರ ಮೊದಲ ತೋಟ ಎದ್ದದ್ದು 1854ರಲ್ಲಿ, ಮಡಿಕೇರಿಯ ಬಳಿ. ಗಿಡ ನೆಡಲು ಜಾಗ ಸಿಕ್ಕಿತು, ಆಳು ಸಿಗಲಿಲ್ಲ. ಘಟ್ಟದ ಕೆಳಗಿಂದಲೂ ಮೈಸೂರಿನ ಬಯಲುಸೀಮೆಯಿಂದಲೂ ಜನರನ್ನು ಕರೆತರಲು ಮೇಸ್ತ್ರಿಗಳಿಗೆ ಮುಂಗಡ ಕೊಡಬೇಕಾಯಿತು. ಮೇಸ್ತ್ರಿ ಅದನ್ನು ಊರಿನಲ್ಲಿ ಹಂಚಿ, ಗುಂಪು ಕಟ್ಟಿಕೊಂಡು ಘಟ್ಟ ಹತ್ತುತ್ತಿದ್ದ. ಮುಂಗಡ ತೆಗೆದುಕೊಂಡವನು ಕೆಲಸಕ್ಕೆ ಬಾರದಿದ್ದರೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲು 1859ರ ಒಂದು ಕಾಯ್ದೆಯಿತ್ತು. ಹಣ ಮರಳಿ ಕೊಡು, ಇಲ್ಲವೆ ಕೆಲಸ ಮುಗಿಸು. ಆಜ್ಞೆ ಮೀರಿದರೆ 3 ತಿಂಗಳವರೆಗೆ ಸೆರೆ. ಆ ಕಾಯ್ದೆ 1926ರಲ್ಲಿ ಹೋಯಿತು. ಕೊಡಗಿನ ಪ್ಲಾಂಟರುಗಳಿಗಾಗಿ ಅದೇ ವರ್ಷ ಪ್ರತ್ಯೇಕವಾಗಿ ಕೊಡಗು ಕಾರ್ಮಿಕ ಕಾಯ್ದೆ ಬಂದು, 1931ರವರೆಗೆ ಅದೇ ದಂಡನೆಯನ್ನು ಉಳಿಸಿತು. ಇಂಥ ಕಾನೂನಿನ ಕೆಳಗೆ ಲೆಕ್ಕದ ಪುಸ್ತಕ ಇರುವುದು ಆಳಿನ ಸಾಲಕ್ಕೆ ಸಾಕ್ಷಿಯಾಗಿ. ಸಾಲ ತೀರಿದರೆ ಪುಸ್ತಕಕ್ಕೂ ಕೆಲಸವಿಲ್ಲ. ಎಷ್ಟು ವರ್ಷ ಇಡಬೇಕೆಂದು ಧಣಿಗೆ ಯಾರೂ ಹೇಳಬೇಕಾಗಿರಲಿಲ್ಲ. ತನಗೆ ಬರಬೇಕಾದ ಬಾಕಿ ಇರುವವರೆಗೆ ಅವನೇ ಜೋಪಾನ ಮಾಡುತ್ತಿದ್ದ.

ಪುಸ್ತಕ ಮಗ್ಗುಲು ಬದಲಿಸಿದ್ದು 1936ರ ನಂತರ. ಕೂಲಿಯನ್ನು ಯಾವ ದಿನದೊಳಗೆ ಕೊಡಬೇಕು, ಅದರಲ್ಲಿ ಏನೇನು ಮುರಿಯಬಹುದು ಎಂದು ವೇತನ ಪಾವತಿ ಕಾಯ್ದೆ ಹೇಳಿತು. 1948ರಲ್ಲಿ ಕನಿಷ್ಠ ವೇತನ ಕಾಯ್ದೆ, 1951ರಲ್ಲಿ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ. ಇಪ್ಪತ್ತು ದಿನ ದುಡಿದರೆ ಒಂದು ದಿನ ಸಂಬಳದ ರಜೆ ಎಂದಾಗ, ಆ ಇಪ್ಪತ್ತು ದಿನವನ್ನು ಎಣಿಸಲು ಚೆಕ್‌ರೋಲೇ ಬೇಕು. 1957ರಲ್ಲಿ ಕಾಫಿ ತೋಟಗಳಿಗೂ ಭವಿಷ್ಯನಿಧಿ (ಪಿಎಫ್) ಬಂತು. ಧಣಿಯ ಕೈಯ ಪುಸ್ತಕ ಮೊದಲ ಬಾರಿಗೆ ಆಳಿನ ಪರವಾಗಿಯೂ ಮಾತಾಡತೊಡಗಿತು.

ಅದು ಮಾತಾಡುವ ರೀತಿ ಗಮನವಿಟ್ಟು ಓದಿದವರಿಗೆ ಮಾತ್ರ ಗೊತ್ತು. ನಾನು ಸುಟ್ಟವುಗಳಲ್ಲಿ ಎಪ್ಪತ್ತರ ದಶಕದ ಮೊದಲ ಪುಸ್ತಕಗಳೂ ಇದ್ದವು. ಅವುಗಳಲ್ಲಿ ಗಂಡಾಳಿಗೆ ಒಂದು ದರ, ಹೆಣ್ಣಾಳಿಗೆ ಕಡಿಮೆ ದರ. ಎರಡು ಪ್ರತ್ಯೇಕ ಹಾಳೆ. ಒಂದೇ ಸಾಲಿನ ಗಿಡಗಳ ಎರಡು ಮಗ್ಗುಲಲ್ಲಿ ನಿಂತು ಅದೇ ಬುಟ್ಟಿ ತುಂಬಿದ ಗಂಡ ಹೆಂಡತಿಗೆ ಬಟವಾಡೆಯ ದಿನ ಬೇರೆ ಬೇರೆ ಮೊತ್ತ. ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ. ಅದಾದ ಮೇಲೆ ಹಿಂದಿನ ರೈಟರು ಎರಡು ದರವನ್ನು ಒಂದು ಮಾಡಿದ ಹಾಳೆಯನ್ನು ನಾನು ಕೆಲಸಕ್ಕೆ ಸೇರಿದ ವರ್ಷ ಕಣ್ಣಾರೆ ನೋಡಿದ್ದೆ. ಒಂದು ಕಾಯ್ದೆ ದೆಹಲಿಯಿಂದ ಹೊರಟು ನಮ್ಮ ತೋಟದ ಲೈನಿಗೆ ತಲುಪಿದ್ದಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಇನ್ನೊಂದಿಲ್ಲ. ಅದನ್ನೂ ಸುಟ್ಟೆ.

ಹಾಗಾದರೆ ಈ 3 ವರ್ಷ ಎಲ್ಲಿಂದ ಬಂತು? 1908ರ ಕಾಲಮಿತಿ ಕಾಯ್ದೆಯಲ್ಲಿ ಮನೆಯಾಳು, ಕಸುಬುದಾರ, ಕೂಲಿಯವನು ಬಾಕಿ ಕೂಲಿಗೆ ದಾವೆ ಹೂಡಲು ಇದ್ದ ಅವಧಿ ಒಂದೇ ವರ್ಷ. 1963ರ ಹೊಸ ಕಾಯ್ದೆ ಅದನ್ನು 3 ಮಾಡಿತು. ಮರುವರ್ಷವೇ, 1964ರ ತಿದ್ದುಪಡಿಯಲ್ಲಿ, 13ಎ ಕಲಮು ಹುಟ್ಟಿತು, ಅದರಲ್ಲೂ 3. ಕೂಲಿಯ ಜಗಳ ಎಷ್ಟು ದಿನ ಬದುಕಿರುತ್ತದೋ ಅಷ್ಟು ದಿನ ಪುಸ್ತಕವೂ ಬದುಕಿದರೆ ಸಾಕು ಎಂಬ ಅಳತೆ ಇದು ಎಂದು ನಾನು ಓದುತ್ತೇನೆ. ದಿನಗೂಲಿಯ ತಕರಾರಿಗೆ ಅದು ಸರಿಯಾದ ಅಳತೆಯೇ. ಗುತ್ತಿಗೆ ಕಾರ್ಮಿಕರ 1971ರ ಕೇಂದ್ರ ನಿಯಮಗಳೂ 3 ಎಂದವು. ಇಎಸ್‌ಐ (ನೌಕರರ ರಾಜ್ಯ ವಿಮೆ) ನಿಬಂಧನೆಗಳಲ್ಲಿ 5. ಕಂಪನಿ ಕಾಯ್ದೆಯಲ್ಲಿ ಮಾತ್ರ, ಕಂಪನಿಯ ಲೆಕ್ಕಪತ್ರಕ್ಕೆ, 8 ವರ್ಷ. ತೋಟವನ್ನು ಕಂಪನಿ ನಡೆಸುತ್ತಿದ್ದರೆ ಗೊಬ್ಬರ ಕೊಂಡ ರಸೀದಿ 8 ವರ್ಷ ಉಳಿಯಬೇಕಿತ್ತು, ಆ ಗೊಬ್ಬರ ಹೊತ್ತವಳ ಹಾಜರಿ 3 ವರ್ಷ ಉಳಿದರೆ ಸಾಕಿತ್ತು. ಈ ವ್ಯತ್ಯಾಸವನ್ನು ಎಷ್ಟು ಸಲ ಯೋಚಿಸಿದರೂ ನನಗೆ ಒಪ್ಪಿಗೆಯಾಗಿಲ್ಲ.

ನಮ್ಮ ನಾಡಿನಲ್ಲಿ ದಾಖಲೆಗೆ ಆಯಸ್ಸು ಕಟ್ಟುವ ರೂಢಿ ಹೊಸದಲ್ಲ. ಭೂಮಿ ದಾನದ ಶಾಸನ ಕೆತ್ತಿಸಿದವರು ಅದು ಆಚಂದ್ರಾರ್ಕವಾಗಿ, ಸೂರ್ಯಚಂದ್ರರಿರುವ ತನಕ ನಡೆಯಬೇಕೆಂದು ಬರೆಸಿದರು. ನಿತ್ಯದ ಲೆಕ್ಕಕ್ಕೆ ಇನ್ನೊಂದು ವಸ್ತು ಇತ್ತು, ಕಡತ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುವ ಕಪ್ಪು ಪುಸ್ತಕ. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಒರೆಸಬಹುದಾದ ಆ ಬರಹವನ್ನೂ ನಮ್ಮ ಜಿಲ್ಲೆಯ ಶೃಂಗೇರಿ ಮಠ ತಲೆಮಾರುಗಳ ಕಾಲ ಕಾಪಾಡಿತು; ಇತಿಹಾಸಕಾರ ಎ.ಕೆ. ಶಾಸ್ತ್ರಿಯವರು ಅದರಿಂದ ಆಯ್ದು ಪ್ರಕಟಿಸಿದ್ದಾರೆ. 1791ರಲ್ಲಿ ಮರಾಠರ ಸೈನ್ಯದ ಜತೆಯವರು ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಸುಲ್ತಾನ ಬರೆದ ಪತ್ರಗಳು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕೈಗೆ ಸಿಕ್ಕದ್ದು 1916ರಲ್ಲಿ, ನೂರ ಇಪ್ಪತ್ತೈದು ವರ್ಷದ ಮೇಲೆ. ಮಠದ ಅಟ್ಟವನ್ನು ಯಾರೂ ಖಾಲಿ ಮಾಡಿಸಿರಲಿಲ್ಲ. ಇವತ್ತು ವಿಧಾನಸೌಧದ ಫೈಲಿಗೂ ಕಡತವೆಂದೇ ಹೆಸರು.

2009ರಲ್ಲಿ ಒಬ್ಬ ಹೆಂಗಸು ಮಗನನ್ನು ಕರೆದುಕೊಂಡು ನನ್ನ ಮನೆಗೆ ಬಂದಳು. ನಾನು ಆಗ ತೋಟ ಬಿಟ್ಟು ಎರಡು ವರ್ಷವಾಗಿತ್ತು.

"ರೈಟ್ರೇ, ನಾನು ಸೇರಿದ್ದು ಯಾವಾಗ ಅಂತ ನಿಮಗೆ ನೆನಪುಂಟಲ್ಲ?"

"ಕೂತ್ಕೊಳಮ್ಮ. ನೀನು ಬಂದಿದ್ದು ನಾನು ಸೇರಿದ ಮರುವರ್ಷ."

"ಆಫೀಸಲ್ಲಿ 89ರಿಂದ ಮಾತ್ರ ಉಂಟು ಅಂತಾರೆ."

ಅವಳಿಗೆ ಬೇಕಾಗಿದ್ದದ್ದು ಗ್ರಾಚ್ಯುಯಿಟಿ. 1972ರ ಗ್ರಾಚ್ಯುಯಿಟಿ ಕಾಯ್ದೆ ಆಗ ತೋಟಗಳಿಗೂ ಅನ್ವಯಿಸುತ್ತಿತ್ತು. ಐದು ವರ್ಷ ಸತತ ದುಡಿದವರಿಗೆ, ವರ್ಷಕ್ಕೆ 15 ದಿನದ ಕೂಲಿಯಂತೆ, ಕೊನೆಯಲ್ಲಿ ಪಡೆಯುತ್ತಿದ್ದ ದರದಲ್ಲಿ. ಅವಳದು 1979ರಿಂದ 30 ವರ್ಷ, 450 ದಿನದ ಕೂಲಿ. ಸುಟ್ಟ ಪುಸ್ತಕಗಳ 10 ವರ್ಷ ಕಳೆದರೆ 150 ದಿನದ ಕೂಲಿ ಹೋಗುತ್ತದೆ. ವರ್ಷಕ್ಕೆ 240 ದಿನ ದುಡಿದದ್ದನ್ನು ತೋರಿಸಬೇಕು, ಬರೀ ನೆನಪು ನಡೆಯುವುದಿಲ್ಲ. 1972ರಲ್ಲಿ ಈ ಕಾಯ್ದೆ ಮಾಡಿದಾಗಲೇ ಚೆಕ್‌ರೋಲು ಒಬ್ಬಳ ಇಡೀ ದುಡಿಮೆಯ ದಾಖಲೆಯಾಯಿತು. ಆದರೆ ಅದರ ಆಯಸ್ಸನ್ನು ಯಾರೂ ಮೂರರಿಂದ ಮೂವತ್ತಕ್ಕೆ ಏರಿಸಲಿಲ್ಲ.

ಆ ದಿನ ನನಗೆ ಎರಡು ತೀರ್ಪುಗಳು ಗೊತ್ತಿದ್ದವು. ಎರಡೂ ನಮ್ಮ ರಾಜ್ಯದಿಂದ ಸುಪ್ರೀಂ ಕೋರ್ಟಿಗೆ ಹೋದವು, ಎರಡೂ ದಿನಗೂಲಿಯವರವು, ಎರಡೂ ಕೆಲಸದಿಂದ ತೆಗೆದದ್ದರ ಮೇಲಿನವು. 2002ರದು ಅರಣ್ಯ ಇಲಾಖೆಯ ಕೂಲಿಯೊಬ್ಬರದು. 240 ದಿನ ದುಡಿದದ್ದನ್ನು ರುಜುವಾತು ಮಾಡುವ ಹೊಣೆ ಕೆಲಸಗಾರನದೇ, ಅವನ ಸ್ವಂತ ಪ್ರಮಾಣಪತ್ರ ಸಾಲದು ಎಂದಿತು ಕೋರ್ಟು. 2005ರ ಪ್ರಕರಣದಲ್ಲಿ ಹೊಣೆ ಅವನದೇ ಎಂದರೂ, ದಿನಗೂಲಿಯವರಿಗೆ ನೇಮಕ ಪತ್ರವೂ ಇರುವುದಿಲ್ಲ ರಸೀದಿಯೂ ಇರುವುದಿಲ್ಲ, ಮಸ್ಟರ್ ರೋಲ್ ಇರುವುದು ಮಾಲೀಕನ ಹತ್ತಿರ ಎಂಬುದನ್ನು ಕೋರ್ಟು ಗಣನೆಗೆ ತೆಗೆದುಕೊಂಡಿತು. ಆ ಮನುಷ್ಯನನ್ನು ಉಳಿಸಿದ್ದು ಅಧಿಕಾರಿ ದುಡಿದ ದಿನಗಳನ್ನು ಬರೆದುಕೊಟ್ಟಿದ್ದ ಒಂದು ಸರ್ಟಿಫಿಕೇಟು. ಅದನ್ನು ಅವನು ಜೋಪಾನ ಮಾಡಿಟ್ಟುಕೊಂಡಿದ್ದ.

ನಮ್ಮ ಹೆಂಗಸೂ ಜೋಪಾನ ಮಾಡಿದ್ದಳು. ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಪಿಎಫ್ ಸ್ಲಿಪ್ಪುಗಳು. ಅವಳಿಗೆ ಓದು ಬರುವುದಿಲ್ಲ, ಆದರೆ ನಾನು ವರ್ಷಕ್ಕೊಮ್ಮೆ ಕೊಟ್ಟ ಒಂದೊಂದು ಚೀಟಿಯನ್ನೂ ಇಟ್ಟಿದ್ದಳು. ಪಿಎಫ್ ನಂಬರು ಸಿಕ್ಕಿದ್ದು 1982ರಲ್ಲಿ. ಸ್ಲಿಪ್ಪಿನ ವಂತಿಗೆಯಿಂದ ಆ ವರ್ಷದ ಕೂಲಿ ತೆಗೆಯಬಹುದು, ಕೂಲಿಯನ್ನು ಆಗಿನ ದರದಿಂದ ಭಾಗಿಸಿದರೆ ದಿನ ಬರುತ್ತದೆ. ನಾವಿಬ್ಬರೂ ಜಗುಲಿಯ ಮೇಲೆ ಕುಳಿತು ಒಂದೊಂದು ವರ್ಷವನ್ನೂ ಹೀಗೆ ಭಾಗಿಸಿದೆವು. ಮಗ ಕ್ಯಾಲ್ಕ್ಯುಲೇಟರ್ ಒತ್ತಿದ. ಯಾವ ವರ್ಷವೂ 240ಕ್ಕೆ ಕಡಿಮೆ ಬರಲಿಲ್ಲ. ಒಂದು ವರ್ಷ 291 ಬಂತು. 1980 ಮತ್ತು 81ಕ್ಕೆ ನನ್ನ ಟ್ರಂಕು ತೆರೆದೆ. ಆ ಎರಡು ವರ್ಷದ ಪಾಕೆಟ್ ಚೆಕ್‌ರೋಲುಗಳ ಹಿಂಬದಿಯಲ್ಲಿ ಕಾಫಿ ಸಸಿಮಡಿಯ ಟಿಪ್ಪಣಿ ಬರೆದುಕೊಂಡಿದ್ದರಿಂದ ಮನೆಗೆ ತಂದಿದ್ದೆ. ಅಸಿಸ್ಟೆಂಟ್ ಲೇಬರ್ ಕಮಿಷನರ್ ಅವರ ಮುಂದೆ ಅವನ್ನು ಇಟ್ಟು, ಇದು ನನ್ನ ಕೈಬರಹ ಎಂದು ಹೇಳಿಕೆ ಕೊಟ್ಟೆ. ತೋಟದವರು ಒಪ್ಪಿದರು. 1979ಕ್ಕೆ ಏನೂ ಇರಲಿಲ್ಲ. ಒಂದು ವರ್ಷ ಬಿಟ್ಟುಹೋಯಿತು.

ಮೂರು ವರ್ಷಕ್ಕಿಂತ ದೂರ ನೋಡಲು ನಮ್ಮ ಕಾನೂನಿಗೆ ಬರುವುದಿಲ್ಲ ಎನ್ನಲಾಗದು. 1995ರ ಜನವರಿಯಲ್ಲಿ ಕಲ್ನಾರಿನ ಕಾರ್ಖಾನೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು: ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ ಕನಿಷ್ಠ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು. ಕಲ್ನಾರಿನ ಧೂಳು ಶ್ವಾಸಕೋಶದಲ್ಲಿ ದಶಕಗಳ ಕಾಲ ಸದ್ದಿಲ್ಲದೆ ಕುಳಿತಿರುತ್ತದೆ. ಕಾಯಿಲೆ ಕಾಣಿಸುವ ಹೊತ್ತಿಗೆ ದಾಖಲೆ ಇಲ್ಲವಾದರೆ ಪರಿಹಾರವೂ ಇಲ್ಲ. ಅಲ್ಲಿ ಅಳತೆಗೋಲು ಮನುಷ್ಯನ ಮೈ. ಅದೇ ವರ್ಷದ ನವೆಂಬರ್ 16ರಂದು ನೌಕರರ ಪಿಂಚಣಿ ಯೋಜನೆಯೂ ಶುರುವಾಯಿತು. ಪಿಂಚಣಿಯೆಂದರೂ ಹಾಗೆಯೇ, ಸೇವೆಯ ಉದ್ದಕ್ಕೂ ಬೇಕಾಗುವ ಲೆಕ್ಕ. ಸುಪ್ರೀಂ ಕೋರ್ಟಿನ 2022ರ ನವೆಂಬರ್ 4ರ ತೀರ್ಪಿನ ನಂತರ ಹೆಚ್ಚಿನ ಪಿಂಚಣಿಗೆ ಅರ್ಜಿ ಹಾಕಿದವರ ಹಳೆಯ ಸಂಬಳದ ವಿವರವನ್ನು ಭವಿಷ್ಯನಿಧಿ ಕಚೇರಿ ತಿಂಗಳು ತಿಂಗಳಿನಂತೆ ಕೇಳಿದಾಗ ಎಷ್ಟೋ ಆಫೀಸುಗಳು ಅಟ್ಟ ಹತ್ತಿದವು. ಕೊಡುವ ಗಡುವನ್ನು ಮತ್ತೆ ಮತ್ತೆ ಮುಂದೂಡಿ 2025ರ ಜನವರಿಯವರೆಗೆ ಎಳೆಯಬೇಕಾಯಿತು.

2017ರಲ್ಲಿ ಕೇಂದ್ರ ಸರ್ಕಾರ ಬೇರೆ ಬೇರೆ ಕಾಯ್ದೆಗಳ 56 ರಿಜಿಸ್ಟರುಗಳನ್ನು 5ಕ್ಕೆ ಇಳಿಸಿತು, ಕಂಪ್ಯೂಟರಿನಲ್ಲೂ ಇಡಬಹುದು ಎಂದಿತು. ಬರೆದು ಬರೆದು ಬೆರಳು ಜಡ್ಡುಗಟ್ಟಿದ ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಪುಸ್ತಕದ ಸಂಖ್ಯೆ ಕಡಿಮೆಯಾಗಲಿ. ಕಂಪ್ಯೂಟರಿನ ಲೆಕ್ಕ ಅಟ್ಟ ಕೇಳುವುದಿಲ್ಲ, ಅದನ್ನು ಗೆದ್ದಲು ತಿನ್ನುವುದಿಲ್ಲ. ದುಡಿದವರು ಪಿಂಚಣಿ ಪಡೆದು ಮುಗಿಯುವ ತನಕ ಅದನ್ನು ಇಡಿ ಎನ್ನಲು ಈಗ ಯಾವ ಅಡ್ಡಿಯೂ ನನಗೆ ಕಾಣುವುದಿಲ್ಲ.

ನನ್ನ ಟ್ರಂಕಿನಲ್ಲಿ ಈಗ ಏಳು ಪಾಕೆಟ್ ಚೆಕ್‌ರೋಲುಗಳಿವೆ. ಪ್ರತಿ ವರ್ಷ ಮಳೆ ಹಿಂದೆ ಸರಿದ ಮೇಲೆ ಅವನ್ನು ಅಂಗಳದಲ್ಲಿ ಹಾಳೆ ಬಿಡಿಸಿ ಒಣಗಿಸಿ, ನಡುವೆ ಒಣ ಬೇವಿನ ಎಲೆ ಇಟ್ಟು ಮತ್ತೆ ಒಳಗಿಡುತ್ತೇನೆ. ಹೋದ ದೀಪಾವಳಿಗೆ ಪಕ್ಕದ ಊರಿನ ಹುಡುಗನೊಬ್ಬ ಬಂದಿದ್ದ. ಅವನ ಅಜ್ಜಿ 1984ರ ಕೊಯ್ಲಿನಲ್ಲಿ ನಮ್ಮ ತೋಟದಲ್ಲಿ ಇದ್ದಳಂತೆ, ಹೆಸರು ಇದೆಯಾ ನೋಡಿ ಎಂದ. 84ರದು ನನ್ನ ಹತ್ತಿರ ಇಲ್ಲ. 85ರದು ಇದೆ, ಅದರಲ್ಲಿ ಆ ಹೆಸರಿನ ಇಬ್ಬರಿದ್ದಾರೆ. ಅಜ್ಜಿಯ ಗಂಡನ ಹೆಸರು ಕೇಳಿಕೊಂಡು ಬಾ ಎಂದು ಕಳಿಸಿದ್ದೇನೆ.